ಕೆಲಸ ಬದಲಾಯಿಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಚ್‌ಆರ್ ಅಲ್ಲ, ಕೋಚಿಂಗ್ ಕೊಡುವವನೂ ಅಲ್ಲ. ದಾವಣಗೆರೆಯಲ್ಲಿ ಬಿಕಾಂ ಮುಗಿಸಿ ಬೆಂಗಳೂರಿಗೆ ಬಂದವನು. ಹದಿಮೂರು ವರ್ಷದಲ್ಲಿ ನಾಲ್ಕು ಕಂಪನಿ ನೋಡಿದ್ದೇನೆ, ನಾಲ್ಕರಲ್ಲೂ ಅಕೌಂಟ್ಸ್ ಕೆಲಸವೇ. ಈಗ ಪೀಣ್ಯದಲ್ಲಿ ಇದ್ದೇನೆ. ನಮ್ಮ ಟೀಮಿಗೆ ಜನ ಬೇಕಾದಾಗ ರೆಸ್ಯೂಮ್ ನೋಡುವುದು, ಮೊದಲ ಸುತ್ತು ಮಾತಾಡುವುದು ನನ್ನ ತಲೆಗೇ ಬಂದಿದೆ. ಹಾಗಾಗಿ ಊರಿಗೆ ಹೋದರೆ, ಯಾರದಾದರೂ ಮದುವೆಗೆ ಹೋದರೆ, ಊಟದ ಪಂಕ್ತಿಯಲ್ಲೇ ಶುರುವಾಗುತ್ತದೆ: "ಅಣ್ಣಾ, ಒಂದು ಕೆಲಸ..." ವಾಟ್ಸಾಪ್‌ನಲ್ಲಂತೂ ಕೇಳಲೇಬೇಡಿ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಒಂದು ಕಡೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ. ಕೋಡಿಂಗ್ ಟೆಸ್ಟ್ ವಿಷಯ ಇಲ್ಲಿಲ್ಲ, ಅದು ನನಗೆ ಬರುವುದಿಲ್ಲ.

## ಹುಡುಕಾಟ ಶುರು ಮಾಡುವಾಗ

ಇರೋ ಕೆಲಸ ಬಿಟ್ಟು ಆರಾಮಾಗಿ ಹುಡುಕ್ಲಾ, ಇಲ್ಲಾ ಇದ್ಕೊಂಡೇ ಹುಡುಕ್ಲಾ?

ಇದ್ದುಕೊಂಡೇ ಹುಡುಕಿ. ಬಿಟ್ಟ ಮೇಲೆ ಆರಾಮ ಅನ್ನುವುದು ಮೊದಲ ಹದಿನೈದು ದಿನ ಮಾತ್ರ. ಆಮೇಲೆ ಪಿಜಿ ಬಾಡಿಗೆ, ಬೈಕಿನ ಇಎಂಐ, ಮನೆಯಿಂದ "ಏನಾಯ್ತೋ" ಅಂತ ಫೋನು. ಆ ಭಯದಲ್ಲಿ ಮೊದಲು ಸಿಕ್ಕಿದ ಕೆಲಸಕ್ಕೇ ಹೂಂ ಅಂದುಬಿಡುತ್ತೇವೆ. ಸಂಬಳ ಮಾತಾಡುವಾಗಲೂ ಅಷ್ಟೆ, ಕೈಯಲ್ಲಿ ಒಂದು ಕೆಲಸ ಇದ್ದವನ ದನಿಯೇ ಬೇರೆ.

ಆದರೆ ಎರಡು ಸಂದರ್ಭದಲ್ಲಿ ಬಿಟ್ಟೇ ಬನ್ನಿ ಅನ್ನುತ್ತೇನೆ. ಮೂರು ತಿಂಗಳಿಂದ ಸಂಬಳವೇ ಆಗಿಲ್ಲ ಅನ್ನುವಾಗ, ಮತ್ತೆ ನಿಮ್ಮ ಕೈಯಿಂದ ತಪ್ಪು ಲೆಕ್ಕಕ್ಕೆ ಸಹಿ ಹಾಕಿಸುತ್ತಿದ್ದಾರೆ ಅನ್ನುವಾಗ.

ದಿನಾ ಐವತ್ತು ಕಡೆ ಅಪ್ಲೈ ಮಾಡ್ತೀನಿ, ಒಂದು ಫೋನೂ ಬರಲ್ಲ. ಯಾಕೆ ಸರ್?

ಐವತ್ತು ಕಡೆ ಹಾಕುತ್ತೀರಲ್ಲ, ಅದಕ್ಕೇ.

ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಹೇಳುತ್ತೇನೆ. ಹೋದ ಸಲ ಒಬ್ಬ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಅಂತ ಹಾಕಿದೆವು. ಎರಡೇ ದಿನಕ್ಕೆ ಮುನ್ನೂರು ಚಿಲ್ಲರೆ ರೆಸ್ಯೂಮ್ ಬಂದು ಬಿದ್ದವು. ನನಗೆ ನನ್ನ ಕೆಲಸವೂ ಇದೆ. ಸಂಜೆ ಐದರ ಮೇಲೆ ಕೂತು ಒಂದೊಂದಕ್ಕೆ ಹದಿನೈದು ಇಪ್ಪತ್ತು ಸೆಕೆಂಡ್ ಕೊಟ್ಟು ನೋಡಿದೆ. ಅರ್ಧಕ್ಕೂ ಜಾಸ್ತಿ ಜನ ನಾವು ಕೇಳಿದ್ದಕ್ಕೆ ಸಂಬಂಧವೇ ಇಲ್ಲದವರು. ಒಬ್ಬ ನರ್ಸಿಂಗ್ ಮುಗಿಸಿದವನೂ ಇದ್ದ. ಬಟನ್ ಕಂಡಲ್ಲೆಲ್ಲ ಒತ್ತಿದ್ದಾನೆ, ಅಷ್ಟೆ. ಮೊದಲ ಎಂಬತ್ತು ತೊಂಬತ್ತರಲ್ಲೇ ಹತ್ತು ಜನ ಸಿಕ್ಕರು, ಉಳಿದದ್ದು ನಾನು ತೆರೆಯಲೇ ಇಲ್ಲ. ತಪ್ಪೇ ಇರಬಹುದು, ಆದರೆ ನಡೆಯುವುದು ಹೀಗೆ.

ಹಾಗಾಗಿ ವಾರಕ್ಕೆ ಎಂಟು ಹತ್ತು ಕಡೆ ಹಾಕಿ ಸಾಕು. ಪ್ರಕಟಣೆ ಬಂದ ಮೊದಲ ದಿನವೇ ಹಾಕಿ. ಅವರು ಕೇಳಿದ್ದರಲ್ಲಿ ಮುಕ್ಕಾಲು ಭಾಗ ನಿಮಗೆ ಬರುವ ಹಾಗಿರಬೇಕು, ಪೂರ್ತಿ ಬರಬೇಕಿಲ್ಲ. ಹಾಕಿದ ಮೇಲೆ ಆ ಕಂಪನಿಯೊಳಗಿನ ಒಬ್ಬ ಮನುಷ್ಯನನ್ನಾದರೂ ಹುಡುಕಿ ಮಾತಾಡಿಸಿ. ಅದು ಹೇಗೆ ಅಂತ ಕೆಳಗೆ ಹೇಳಿದ್ದೇನೆ. ಯಾವ ದಿನ, ಎಲ್ಲಿಗೆ, ಯಾರ ಜೊತೆ ಮಾತಾಡಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನ್ ಬಂದಾಗ "ಯಾವ ಕಂಪನಿ ಮೇಡಂ?" ಅಂತ ಕೇಳುವವರೇ ಜಾಸ್ತಿ, ಅಲ್ಲಿಗೇ ಅರ್ಧ ಕೆಲಸ ಕೆಟ್ಟಿರುತ್ತದೆ.

ರೆಸ್ಯೂಮ್ ಎಷ್ಟು ಪೇಜ್ ಇರಬೇಕು? ಡಿಸೈನ್ ಇರೋದು ಮಾಡಿಸ್ಲಾ?

ಹತ್ತು ವರ್ಷದೊಳಗಿನ ಅನುಭವಕ್ಕೆ ಒಂದು ಪುಟ, ಜಾಸ್ತಿ ಅಂದರೆ ಎರಡು. ಡಿಸೈನ್‌ಗೆ ದುಡ್ಡು ಕೊಡಬೇಡಿ. ಎರಡು ಕಾಲಂ, ಬಣ್ಣದ ಪಟ್ಟಿ, "ಎಕ್ಸೆಲ್: ಐದಕ್ಕೆ ನಾಲ್ಕು ಸ್ಟಾರ್", ಇವೆಲ್ಲ ಸಾಫ್ಟ್‌ವೇರ್ ಓದುವಾಗ ಕಲಸುಮೇಲೋಗರ ಆಗುತ್ತವೆ. ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, "ಮೇಲಿನದೆಲ್ಲ ಸತ್ಯ" ಅಂತ ಕೊನೆಗೊಂದು ಪ್ರಮಾಣ, ಯಾವುದೂ ಬೇಡ.

ಬೇಕಾಗಿರುವುದು ಏನು ಮಾಡುತ್ತಿದ್ದಿರಿ ಅನ್ನುವುದು. ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳು ತನ್ನದನ್ನು ಕಳಿಸಿದ್ದಳು. "ಅಕೌಂಟ್ಸ್ ಮತ್ತು ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೆ" ಅಂತ ಒಂದೇ ಸಾಲು. ಫೋನ್ ಮಾಡಿ ಕೇಳಿದೆ, ಒಂದು ತಿಂಗಳಲ್ಲಿ ಏನೇನು ಮಾಡ್ತೀಯಮ್ಮಾ ಅಂತ. ಸುಮಾರು 400 ಪರ್ಚೇಸ್ ಬಿಲ್ ಟ್ಯಾಲಿ ಸಾಫ್ಟ್‌ವೇರ್‌ಗೆ ಹಾಕುತ್ತಾಳಂತೆ. ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿ, ಇಳಿಸಿಕೊಂಡು ಬಿಲ್ಲುಗಳ ಜೊತೆ ತಾಳೆ ನೋಡುತ್ತಾಳೆ, ಬಿಲ್ ಅಪ್‌ಲೋಡ್ ಮಾಡದ ಸಪ್ಲೈಯರ್‌ಗಳಿಗೆ ಫೋನ್ ಮಾಡಿ ಬೆನ್ನು ಹತ್ತುತ್ತಾಳೆ, 20ನೇ ತಾರೀಖಿನೊಳಗೆ 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುತ್ತಾಳೆ. ಎರಡು ವರ್ಷದಲ್ಲಿ ಒಂದು ಸಲವೂ ಲೇಟ್ ಫೀ ಬಿದ್ದಿಲ್ಲ. ಇಷ್ಟೆಲ್ಲ ಇಟ್ಟುಕೊಂಡು "ನೋಡಿಕೊಳ್ಳುತ್ತಿದ್ದೆ" ಅಂತ ಬರೆದರೆ ಯಾರಿಗೆ ಗೊತ್ತಾಗಬೇಕು? ಅದನ್ನೇ ಮೂರು ಸಾಲಿನಲ್ಲಿ ಬರೆಸಿದೆ. ಸುಳ್ಳು ಒಂದಕ್ಷರ ಇಲ್ಲ, ಅವಳು ಫೋನಿನಲ್ಲಿ ಹೇಳಿದ್ದೇ.

ನಿಮ್ಮದು ಯಾವ ಕೆಲಸವಾದರೂ ಇದೇ ದಾರಿ. ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವುದರಲ್ಲಿ, ಕೊನೆಗೆ ಏನಾಯ್ತು.

ಬೆಂಗಳೂರಲ್ಲಿ ನನಗೆ ಯಾರೂ ಗೊತ್ತಿಲ್ಲ ಅಣ್ಣಾ. ರೆಫರಲ್ ಯಾರ ಹತ್ರ ಕೇಳ್ಲಿ?

ಗೊತ್ತಿಲ್ಲ ಅನ್ನುವುದು ಸುಳ್ಳು. ನಿಮ್ಮ ಕಾಲೇಜಿನ ಹೆಸರನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಅಲ್ಲಿ ಓದಿದವರೆಲ್ಲ ಯಾವ ಯಾವ ಕಂಪನಿಯಲ್ಲಿದ್ದಾರೆ ಅಂತ ಪಟ್ಟಿಯೇ ಬರುತ್ತದೆ. ಹಳೆ ಆಫೀಸಿನಿಂದ ಬಿಟ್ಟು ಹೋದವರು ಇನ್ನೂ ಒಳ್ಳೆಯದು, ನಿಮ್ಮ ಕೆಲಸ ಕಣ್ಣಾರೆ ಕಂಡವರು ಅವರು. ನನ್ನ ನಾಲ್ಕು ಕೆಲಸದಲ್ಲಿ ಮೂರು ಹೀಗೇ ಸಿಕ್ಕಿದ್ದು. ಒಂದಂತೂ ಹಳೆ ಕಂಪನಿಗೆ ಆಡಿಟ್‌ಗೆ ಬರುತ್ತಿದ್ದ ಹುಡುಗನಿಂದ.

ಕೇಳುವ ರೀತಿ ಮುಖ್ಯ. "ಸರ್ ಎನಿ ಓಪನಿಂಗ್ಸ್?" ಅಂತ ಕಳಿಸಿದರೆ ನಾನೂ ಉತ್ತರ ಕೊಡುವುದಿಲ್ಲ, ಯಾಕೆಂದರೆ ಉತ್ತರ ಕೊಡಬೇಕಾದರೆ ನಾನೇ ಹುಡುಕಬೇಕು. ಹೀಗೆ ಬರೆಯಿರಿ: "ನಮಸ್ಕಾರ ಸರ್, ನಿಮ್ಮ ಕಾಲೇಜಿನದೇ 2019ರ ಬಿಕಾಂ ಬ್ಯಾಚ್ ನಾನು. ನಿಮ್ಮ ಕಂಪನಿಯಲ್ಲಿ ಪೇಯಬಲ್ಸ್ ಕೆಲಸಕ್ಕೆ ಕರೆದಿದ್ದಾರೆ, ಜಾಬ್ ಐಡಿ ಇದು. ನಾಲ್ಕು ವರ್ಷದಿಂದ ಅದೇ ಕೆಲಸ ಮಾಡ್ತಿದೀನಿ, ರೆಸ್ಯೂಮ್ ಜೊತೆಗಿದೆ. ರೆಫರ್ ಮಾಡೋಕೆ ಆಗದಿದ್ರೂ ಪರವಾಗಿಲ್ಲ, ಆ ಟೀಮ್ ಹೇಗಿದೆ ಅಂತ ಐದು ನಿಮಿಷ ಹೇಳಿದ್ರೆ ಸಾಕು."

ಇದರಲ್ಲಿ ಅವರಿಗೆ ಎರಡು ನಿಮಿಷದ ಕೆಲಸ ಇದೆ, ಅಷ್ಟೆ. ತುಂಬಾ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಬೋನಸ್ ಕೂಡ ಸಿಗುತ್ತದೆ, ಹಾಗಾಗಿ ಭಿಕ್ಷೆ ಕೇಳಿದ ಹಾಗೆ ಕುಗ್ಗಬೇಕಿಲ್ಲ. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಂದು ಸಲ ನೆನಪಿಸಿ. ಮೂರನೇ ಸಲ ಬೇಡ.

ನೌಕ್ರಿ, ಲಿಂಕ್ಡ್‌ಇನ್ ಬಿಟ್ಟು ಸರ್ಕಾರದ್ದು ಏನೂ ಇಲ್ವಾ?

ಇದೆ. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಅಂತ 2015ರಿಂದ ಇದೆ, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ. ಎರಡಕ್ಕೂ ದುಡ್ಡಿಲ್ಲ. ಉದ್ಯೋಗ ಮೇಳಗಳ ಸುದ್ದಿಯೂ ಅಲ್ಲಿ ಸಿಗುತ್ತದೆ. ಮೇಳಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಸ್ಟಾಲಿನವರು ರೆಸ್ಯೂಮ್ ಇಸಿದುಕೊಂಡು ಕಟ್ಟಿಡುತ್ತಾರೆ ಅಷ್ಟೆ.

ಈಗ ತಾನೇ ಓದು ಮುಗಿಸಿದವರಿಗೆ ನಾನು ಹೇಳುವುದು ಅಪ್ರೆಂಟಿಸ್, ಅಂದರೆ ಕಂಪನಿಯಲ್ಲಿದ್ದುಕೊಂಡೇ ಕೆಲಸ ಕಲಿಯುವುದು. ಡಿಗ್ರಿ, ಡಿಪ್ಲೊಮಾದವರಿಗೆ ನ್ಯಾಟ್ಸ್ ಪೋರ್ಟಲ್ ಇದೆ. ಎಚ್‌ಎಎಲ್, ಬಿಇಎಲ್ ಥರದ ದೊಡ್ಡ ಕಡೆಯೂ ತೆಗೆದುಕೊಳ್ಳುತ್ತಾರೆ. ಸ್ಟೈಪೆಂಡ್ ಸಣ್ಣದು, ಮುಗಿದ ಮೇಲೆ ಅಲ್ಲೇ ಕೆಲಸ ಅನ್ನುವ ಖಾತ್ರಿಯೂ ಇಲ್ಲ. ಆದರೆ ರೆಸ್ಯೂಮಿನಲ್ಲಿ ಆ ಒಂದು ವರ್ಷ ಇದ್ದವನಿಗೂ ಇಲ್ಲದವನಿಗೂ ವ್ಯತ್ಯಾಸ ಇದೆ.

ಇನ್ನು ಯುವನಿಧಿ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಬಸ್ ಚಾರ್ಜಿಗೆ, ಜೆರಾಕ್ಸಿಗೆ ಆಗುತ್ತದೆ, ನಾಚಿಕೆ ಬೇಡ. ಆದರೆ ಕೆಲಸ ಸಿಕ್ಕ ಕೂಡಲೇ ನಿಲ್ಲಿಸಿ.

ನೌಕ್ರಿಯ ಬಗ್ಗೆ ಒಂದೇ ಮಾತು. ಹುಡುಕುವವರು "ಇತ್ತೀಚೆಗೆ ಆಕ್ಟಿವ್ ಇರುವವರು", "ನೋಟಿಸ್ (ಬಿಡುವ ಮೊದಲು ಹೇಳಬೇಕಾದ ಅವಧಿ) ಇಷ್ಟು ದಿನ" ಅಂತ ಸೋಸಿಕೊಂಡು ನೋಡುತ್ತಾರೆ. ಆರು ತಿಂಗಳ ಹಿಂದೆ ಹಾಕಿ ಮರೆತ ಪ್ರೊಫೈಲ್ ಯಾರಿಗೂ ಕಾಣುವುದಿಲ್ಲ. ವಾರಕ್ಕೊಮ್ಮೆ ಒಳಗೆ ಹೋಗಿ ಏನಾದರೂ ತಿದ್ದಿ ಬನ್ನಿ.

ಊರಲ್ಲೇ ಇದ್ದು ಹುಡುಕ್ಬಹುದಾ, ಬೆಂಗಳೂರಿಗೆ ಬಂದೇ ಆಗ್ಬೇಕಾ?

ಆಫೀಸ್ ಕೆಲಸಕ್ಕೆ ಊರಲ್ಲೇ ಇದ್ದು ಶುರು ಮಾಡಿ, ಮೊದಲ ಸುತ್ತು ಹೇಗೂ ಫೋನಿನಲ್ಲೋ ವೀಡಿಯೊದಲ್ಲೋ ಇರುತ್ತದೆ. ಐಟಿಐ, ಡಿಪ್ಲೊಮಾ ಮಾಡಿ ಕಾರ್ಖಾನೆ ಕೆಲಸ ನೋಡುವವರಿಗೆ ಮಾತ್ರ ಬಂದೇ ಬನ್ನಿ ಅನ್ನುತ್ತೇನೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿಯ ಸಣ್ಣ ಕಾರ್ಖಾನೆಗಳು ಆನ್‌ಲೈನ್‌ನಲ್ಲಿ ಏನೂ ಹಾಕುವುದಿಲ್ಲ. ಗೇಟಿನ ಮೇಲೆ ಒಂದು ಬೋರ್ಡು: "ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ". ಒಂದು ವಾರ ಸ್ನೇಹಿತರ ರೂಮಿನಲ್ಲಿ ಉಳಿದು, ಬೆಳಿಗ್ಗೆ ಎಂಟಕ್ಕೆ ಶಿಫ್ಟ್ ಶುರುವಾಗುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಸೆಕ್ಯುರಿಟಿಯವರನ್ನು ಮಾತಾಡಿಸಿ. ಒಳಗೆ ಯಾರನ್ನು ಕೇಳಬೇಕು ಅಂತ ಎಚ್‌ಆರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

## ಮೋಸ ಹೋಗದೆ ಇರಲು

ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಷನ್‌ಗೆ ಎರಡು ಸಾವಿರ ಕೇಳ್ತಿದಾರೆ. ಕೊಡ್ಲಾ?

ಬೇಡ. ನಾನು ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬೆಂಗಳೂರಿಗೆ ಬಂದ ಎರಡನೇ ವಾರ, ಮೆಜೆಸ್ಟಿಕ್ ಹತ್ತಿರ ಒಂದು ಕಟ್ಟಡದ ಮೂರನೇ ಮಹಡಿ. ಕುರ್ಚಿ ತುಂಬಾ ನನ್ನಂಥ ಹುಡುಗರು. 1,500 ರೂಪಾಯಿ ಕಟ್ಟಿಸಿಕೊಂಡು ಗುಲಾಬಿ ಬಣ್ಣದ ರಸೀದಿ ಕೊಟ್ಟರು, ಒಂದು "ಇಂಟರ್‌ವ್ಯೂ"ಗೂ ಕಳಿಸಿದರು. ಹೋದರೆ ಅದು ಇನ್ಶೂರೆನ್ಸ್ ಮಾರುವ ಕಮಿಷನ್ ಕೆಲಸ. ವಾಪಸ್ ಬಂದು ಕೇಳಿದರೆ "ನಾವು ಕಳಿಸಿದ್ವಲ್ಲ, ನೀವೇ ಸೇರಲಿಲ್ಲ" ಅಂದರು. ಆ ದುಡ್ಡು ಅಮ್ಮ ಕೊಟ್ಟಿದ್ದು.

ಸರಿಯಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ನೀವಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಯೂನಿಫಾರ್ಮ್, ಹೆಸರು ಏನೇ ಇರಲಿ, ಕೆಲಸ ಕೊಡುವ ಮೊದಲು ಕೈ ಚಾಚಿದರೆ ಎದ್ದು ಬನ್ನಿ. ಈಗ ಟೆಲಿಗ್ರಾಂನಲ್ಲಿ ಇನ್ನೊಂದು ಶುರುವಾಗಿದೆ. ವೀಡಿಯೊಗೆ ಲೈಕ್ ಒತ್ತಿದರೆ ದುಡ್ಡು ಅಂತ ಮೊದಲು ನೂರು ಇನ್ನೂರು ನಿಜವಾಗಿ ಹಾಕುತ್ತಾರೆ, ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ನಿಮ್ಮಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಕರಾವಳಿ ಕಡೆಯವರು ನಾವು. ಗಲ್ಫ್ ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದಾನೆ, ಇದು ಮಾಮೂಲಾ?

ಮಾಮೂಲು ಇರಬಹುದು, ಕಾನೂನು ಪ್ರಕಾರ ಅಲ್ಲ. 1983ರ ಎಮಿಗ್ರೇಷನ್ ಕಾಯ್ದೆಯಲ್ಲಿ ನೋಂದಾಯಿಸಿದ ಏಜೆಂಟ್ ಮಾತ್ರ ಜನರನ್ನು ಕಳಿಸಬಹುದು. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಸೈಟಿನಲ್ಲಿ ಏಜೆಂಟರ ಹೆಸರು ಇದೆಯಾ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿ ಕೊಡ್ತೀವಿ ಅಂದರೆ ಹೋಗಬೇಡಿ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಅಂತ ಕರೆಸಿಕೊಂಡು ಮ್ಯಾನ್ಮಾರ್ ಗಡಿ ದಾಟಿಸಿ ಸೈಬರ್ ವಂಚನೆ ಕೆಲಸಕ್ಕೆ ಕೂರಿಸಿದ್ದು ಕಥೆಯಲ್ಲ. ನಮ್ಮ ದೇಶದ ಎಷ್ಟೋ ಹುಡುಗರನ್ನು ಸರ್ಕಾರ ವಾಪಸ್ ಕರೆತರಬೇಕಾಯಿತು.

## ಇಂಟರ್‌ವ್ಯೂ

ಕನ್ನಡ ಮೀಡಿಯಂ ನಾನು. ಇಂಗ್ಲಿಷ್‌ನಲ್ಲಿ ಕೇಳಿದ ತಕ್ಷಣ ಬಾಯಿ ಕಟ್ಟುತ್ತೆ.

ನಾನೂ ಕನ್ನಡ ಮೀಡಿಯಮ್ಮೇ. ಮೊದಲ ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೆಸರು, ಊರು ಹೇಳಿ ಸುಮ್ಮನಾಗಿಬಿಟ್ಟಿದ್ದೆ. ಎದುರಿಗಿದ್ದವರು ಫ್ಯಾನ್ ಜೋರು ಮಾಡಿಸಿ ನೀರು ಕೊಟ್ಟರು, ಅಷ್ಟು ಬೆವರಿದ್ದೆ.

ನನಗೆ ಕೆಲಸಕ್ಕೆ ಬಂದ ಉಪಾಯ ಇದು. ನಿಮ್ಮ ಕೆಲಸದ ಬಗ್ಗೆ ಎಂಟು ವಾಕ್ಯ ಮೊದಲು ಕನ್ನಡದಲ್ಲಿ ಬರೆಯಿರಿ. ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಅಸಹ್ಯ ಅನ್ನಿಸುತ್ತದೆ, ಇರಲಿ, ಇಪ್ಪತ್ತು ಸಲ ಮಾಡಿ. ಬಾಯಿಪಾಠ ಮಾಡಿದ್ದು ಗೊತ್ತಾಗುತ್ತದಲ್ಲ ಅಂತ ಕೇಳುತ್ತಾರೆ. ಗೊತ್ತಾದರೆ ಆಗಲಿ, ತಯಾರಾಗಿ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಅಂತ ಕೇಳಿ. ಎದುರಿಗಿರುವವರು ಕನ್ನಡದವರು ಅಂತ ಗೊತ್ತಾದರೆ, "ಇದನ್ನ ಕನ್ನಡದಲ್ಲಿ ವಿವರಿಸ್ಲಾ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಮುಂದೆ ಹಾಗೆ ಕೇಳಿದವರು ಆಮೇಲೆ ಎಷ್ಟು ಚೆನ್ನಾಗಿ ಮಾತಾಡಿದ್ದಾರೆ ಅಂದರೆ, ಅದೇ ಮನುಷ್ಯನಾ ಅನ್ನಿಸಿದ್ದುಂಟು. ಬೇರೆ ದೇಶದ ಗ್ರಾಹಕರ ಜೊತೆ ಮಾತಾಡುವ ಕೆಲಸ ಆದರೆ ಮಾತ್ರ ಈ ಆಟ ನಡೆಯುವುದಿಲ್ಲ.

ಮಗು ಆದ್ಮೇಲೆ ಮೂರು ವರ್ಷ ಗ್ಯಾಪ್ ಇದೆ. ಮುಚ್ಚಿಡ್ಲಾ?

ಮುಚ್ಚಿಡಬೇಡಿ ಮೇಡಂ. ಪಿಎಫ್ ದಾಖಲೆಯಲ್ಲಿ ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಅಂತ ಸ್ಪಷ್ಟವಾಗಿರುತ್ತದೆ, ವೆರಿಫಿಕೇಷನ್‌ನಲ್ಲಿ ಸಿಕ್ಕಿಬೀಳುತ್ತೀರಿ. ರೆಸ್ಯೂಮಿನಲ್ಲಿ ಒಂದೇ ಸಾಲು ಹಾಕಿ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಮಗುವಿನ ಆರೈಕೆ. ಇಂಟರ್‌ವ್ಯೂನಲ್ಲಿ ಕೇಳಿದರೆ ಒಂದು ವಾಕ್ಯ ಹೇಳಿ ಮುಂದಿನದಕ್ಕೆ ಹೋಗಿ, ಕ್ಷಮೆ ಕೇಳುವ ದನಿ ಬೇಡ. ಆದರೆ ಆ ಮೂರು ವರ್ಷದಲ್ಲಿ ನಿಮ್ಮ ಕೆಲಸದಲ್ಲಿ ಏನು ಬದಲಾಗಿದೆ ಅಂತ ಓದಿಕೊಂಡು ಹೋಗಿ. ನಮ್ಮ ಟೀಮಿಗೆ ಹೀಗೆ ಬಂದವರೊಬ್ಬರು ಹದಿನೈದು ದಿನ ಕೂತು ಇ-ಇನ್‌ವಾಯ್ಸ್ ನಿಯಮ ಪೂರ್ತಿ ಓದಿಕೊಂಡು ಬಂದಿದ್ದರು. ಕೇಳಿದ್ದಕ್ಕೆಲ್ಲ ಪಟಪಟ ಹೇಳಿದರು. ಗ್ಯಾಪ್ ವಿಷಯ ನಾವು ಎತ್ತಲೇ ಇಲ್ಲ.

ಎಷ್ಟು ಸಂಬಳ ಬೇಕು ಅಂತ ಕೇಳಿದ್ರೆ ಏನ್ ಹೇಳ್ಲಿ?

ಮೊದಲು ಅವರ ಬಜೆಟ್ ಕೇಳಿ. ಹೇಳದಿದ್ದರೆ ನಿಮ್ಮದು ಒಂದು ಸಂಖ್ಯೆ ಹೇಳಿ, ಆಮೇಲೆ ಸುಮ್ಮನಿರಿ. "ನೀವು ಕೊಟ್ಟಷ್ಟು ಸರ್" ಅನ್ನಬೇಡಿ, ಹಾಗಂದವರಿಗೆ ಅಷ್ಟೇ ಸಿಗುತ್ತದೆ. ಈಗಿನ ಸಂಬಳ ಸುಳ್ಳು ಹೇಳಬೇಡಿ, ಕೊನೆಯ ಮೂರು ತಿಂಗಳ ಪೇಸ್ಲಿಪ್ ಕೇಳಿಯೇ ಕೇಳುತ್ತಾರೆ.

## ಆಫರ್ ಕೈಗೆ ಬಂದ ಮೇಲೆ

6 ಲಕ್ಷ ಅಂದ್ರು. ತಿಂಗಳಿಗೆ 50 ಸಾವಿರ ಬರುತ್ತಲ್ವಾ?

ಬರಲ್ಲ. ಈ ಒಂದು ಲೆಕ್ಕ ಗೊತ್ತಿಲ್ಲದೆ ಮನೆ ಬಾಡಿಗೆಗೆ ಅಡ್ವಾನ್ಸ್ ಕೊಟ್ಟು ಒದ್ದಾಡಿದವರನ್ನು ನೋಡಿದ್ದೇನೆ.

6 ಲಕ್ಷ ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು. ಅದರಲ್ಲಿ ಶೇ. 10 ವೇರಿಯಬಲ್ ಅಂತಿಟ್ಟುಕೊಳ್ಳಿ. ಆ 60,000 ತಿಂಗಳಿಗೆ ಬರುವುದಿಲ್ಲ, ವರ್ಷದ ಕೊನೆಗೆ ಬಂದರೆ ಬಂತು. ಉಳಿದದ್ದು ತಿಂಗಳಿಗೆ 45,000. ಬೇಸಿಕ್ (ಮೂಲ ವೇತನ) 25,000 ಅಂದರೆ ಕಂಪನಿ ಹಾಕುವ ಪಿಎಫ್ ಶೇ. 12, ಅಂದರೆ 3,000, ಅದೂ ನಿಮ್ಮ ಸಿಟಿಸಿಯೊಳಗೇ. 42,000 ಆಯಿತು. ಐದು ವರ್ಷ ದುಡಿದವರಿಗೆ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ ಸುಮಾರು 1,200 ತೋರಿಸಿರುತ್ತಾರೆ. 40,800. ಈಗ ನಿಮ್ಮ ಪಾಲಿನ ಪಿಎಫ್ ಇನ್ನೊಂದು 3,000, ವೃತ್ತಿ ತೆರಿಗೆ 200. ಕೈಗೆ ಬರುವುದು 37,600ರ ಆಸುಪಾಸು. ಇನ್ಶೂರೆನ್ಸ್, ಕ್ಯಾಬ್, ಊಟ ಅಂತ ಹಿಡಿದರೆ ಇನ್ನೂ ಕಮ್ಮಿ. ಕೆಲವು ಕಂಪನಿ ಪಿಎಫ್ ಅನ್ನು 15,000ದ ಮೇಲೆ ಮಾತ್ರ ಲೆಕ್ಕ ಹಾಕಿ 1,800 ಹಿಡಿಯುತ್ತವೆ, ಆಗ ಕೈಗೆ ಸ್ವಲ್ಪ ಜಾಸ್ತಿ. ಅದಕ್ಕೇ ಸಹಿ ಮಾಡುವ ಮೊದಲು "ಸಂಬಳದ ಬ್ರೇಕಪ್ ಕಳಿಸಿ" ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಆಫರ್ ವಾಪಸ್ ತೆಗೆದುಕೊಳ್ಳುವುದಿಲ್ಲ.

ನನ್ನ ನೋಟಿಸ್ 90 ದಿನ. ಅಷ್ಟು ದಿನ ಕಾಯಲ್ಲ ಅಂತಿದಾರೆ.

ಮೂರು ದಾರಿ ಇವೆ. ಈಗಿನ ಮ್ಯಾನೇಜರ್ ಹತ್ತಿರ ಮಾತಾಡಿ, ಕೆಲಸ ವಹಿಸಿಕೊಡುವ ಪಟ್ಟಿ ಇಟ್ಟುಕೊಂಡೇ ಮಾತಾಡಿ, ಬೇಗ ಬಿಡಿಸಿಕೊಳ್ಳುವುದು. ಉಳಿದ ದಿನಕ್ಕೆ ದುಡ್ಡು ಕಟ್ಟಿ ಹೊರಬರುವುದು, ಇದನ್ನು ಹೊಸ ಕಂಪನಿಯೇ ಕಟ್ಟುತ್ತದಾ ಕೇಳಿ. ಮೂರನೆಯದು, ರಜೆ ಉಳಿದಿದ್ದರೆ ನೋಟಿಸ್‌ಗೆ ಹೊಂದಿಸುವುದು. ಮೂರಕ್ಕೂ ಕಂಪನಿ ಒಪ್ಪಬೇಕು. ಹೇಳದೆ ಕೇಳದೆ ಓಡಿಹೋಗುವುದು ನಾಲ್ಕನೆಯದು, ಅದನ್ನು ಮಾಡಬೇಡಿ. ರಿಲೀವಿಂಗ್ ಲೆಟರ್ ಇಲ್ಲದೆ ಮುಂದಿನ ಕಡೆ ಪ್ರತಿ ಸಲ ಕಥೆ ಹೇಳಬೇಕಾಗುತ್ತದೆ.

ಬಾಯಿಮಾತಿನ ಆಫರ್ ನಂಬಿ ರಾಜೀನಾಮೆ ಕೊಡಬೇಡಿ. ಸಂಬಳ, ಸೇರುವ ದಿನ ಬರೆದ ಪತ್ರ ಮೇಲ್‌ಗೆ ಬರಬೇಕು. ರಾಜೀನಾಮೆಯನ್ನೂ ಮೇಲ್‌ನಲ್ಲೇ ಕೊಡಿ, ಒಂದು ಪ್ರತಿ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಕೊನೆಯ ದಿನ ಸಂಜೆ ಆಫೀಸ್ ಮೇಲ್ ಬಂದ್ ಆಗಿ ಪೇಸ್ಲಿಪ್‌ಗಳೂ ಒಳಗೇ ಉಳಿದುಬಿಡುತ್ತವೆ, ಮೊದಲೇ ಇಳಿಸಿಕೊಳ್ಳಿ.

ಐದು ವರ್ಷ ತುಂಬಲು ಎರಡು ಮೂರು ತಿಂಗಳು ಬಾಕಿ ಇದ್ದರೆ ಗ್ರಾಚ್ಯುಟಿ ಲೆಕ್ಕವನ್ನೂ ಹಾಕಿ. ಕೊನೆಯ ಬೇಸಿಕ್ 26,000 ಇದ್ದರೆ ವರ್ಷಕ್ಕೆ 15 ದಿನದ್ದು, ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ, ಹಾಗಾಗಿ ವರ್ಷಕ್ಕೆ 15,000. ಐದು ವರ್ಷಕ್ಕೆ 75,000 ರೂಪಾಯಿ.

ಎರಡು ವರ್ಷ ಬಾಂಡ್ ಇದೆ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡಿ ಅಂತಾರೆ.

ಮಾರ್ಕ್ಸ್‌ಕಾರ್ಡ್ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ.

ಬಾಂಡ್ ಅಂದರೆ ಇಷ್ಟು ವರ್ಷ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅನ್ನುವ ಒಪ್ಪಂದ. ಅದರ ಬಗ್ಗೆ "ಅದು ಕೋರ್ಟಲ್ಲಿ ನಿಲ್ಲಲ್ಲ ಬಿಡ್ರೀ" ಅನ್ನುವವರು ಜಾಸ್ತಿ. ಪೂರ್ತಿ ನಿಜ ಅಲ್ಲ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಬ್ಯಾಂಕೊಂದರ ಮೂರು ವರ್ಷದ ಬಾಂಡ್ ಮತ್ತು 2 ಲಕ್ಷದ ಮೊತ್ತ ಸರಿ ಅಂದಿದೆ. ಯಾರೂ ನಿಮ್ಮನ್ನು ಕಟ್ಟಿಹಾಕಿ ದುಡಿಸಿಕೊಳ್ಳಲು ಆಗುವುದಿಲ್ಲ, ಆದರೆ ನ್ಯಾಯವಾದ ನಷ್ಟ ಕೇಳಬಹುದು. ಮೊತ್ತ ಎಷ್ಟು, ನಿಜವಾಗಿ ಟ್ರೈನಿಂಗ್ ಕೊಡುತ್ತಾರಾ, ಎಷ್ಟು ತಿಂಗಳು, ಓದಿಯೇ ಸಹಿ ಹಾಕಿ.

ಹಳೇ ಪಿಎಫ್ ತೆಗೆದುಬಿಡ್ಲಾ? ಬೈಕ್ ತಗೋಬೇಕು.

ಬೈಕಿಗೆ ಬೇಡಪ್ಪಾ. ಅದೇ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಹೊಸ ಕಂಪನಿಗೆ ಕೊಟ್ಟು ಹಳೆಯದನ್ನು ಟ್ರಾನ್ಸ್‌ಫರ್ ಮಾಡಿಸಿ. ಒಟ್ಟು ಸೇವೆ ಐದು ವರ್ಷ ಆಗುವ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹಳೆ ಕಂಪನಿ ನೀವು ಬಿಟ್ಟ ದಿನಾಂಕ ಹಾಕಿದೆಯಾ ಅಂತ ಪೋರ್ಟಲ್‌ನಲ್ಲಿ ನೋಡಿ. ಹಾಕಿಲ್ಲದಿದ್ದರೆ ಎರಡು ತಿಂಗಳ ನಂತರ ನೀವೇ ಹಾಕಬಹುದು. ವರ್ಷದ ಮಧ್ಯೆ ಬದಲಾಯಿಸಿದ್ದರೆ ಹಳೆ ಸಂಬಳದ ಲೆಕ್ಕವನ್ನೂ ಹೊಸ ಕಡೆ ಕೊಡಿ. ಇಲ್ಲದಿದ್ದರೆ ಇಬ್ಬರೂ ಬೇರೆ ಬೇರೆ ವಿನಾಯಿತಿ ಕೊಟ್ಟು, ರಿಟರ್ನ್ ಹಾಕುವಾಗ ತೆರಿಗೆ ಒಟ್ಟಿಗೆ ತಲೆ ಮೇಲೆ ಬರುತ್ತದೆ.

ಹೊಸ ಕಡೆ ಸೇರಿ ಇಪ್ಪತ್ತು ದಿನ ಆಯ್ತು. ತಪ್ಪು ಮಾಡಿದೆ ಅನ್ಸ್ತಿದೆ ಅಣ್ಣಾ, ವಾಪಸ್ ಹೋಗ್ಲಾ?

ಇದನ್ನು ಕೇಳುವವರು ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡುತ್ತಾರೆ.

ಕೆಲಸ ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದರೆ, ಸಂಬಳದಲ್ಲಿ ಮಾತು ತಪ್ಪಿದ್ದರೆ, ಯೋಚಿಸಿ. ಸುಮ್ನೆ ಹೊಸ ಜಾಗ, ಊಟಕ್ಕೆ ಜೊತೆ ಕೂರುವವರು ಇಲ್ಲ, ಸಿಸ್ಟಮ್ ಅರ್ಥ ಆಗ್ತಿಲ್ಲ ಅಂತಾದರೆ ಮೂರು ತಿಂಗಳು ಕೊಡಿ. ನನ್ನ ಎರಡನೇ ಕಂಪನಿಯಲ್ಲಿ ನನಗೂ ಹೀಗಾಗಿತ್ತು. ಹದಿನೆಂಟನೇ ದಿನ ಹಳೆ ಮ್ಯಾನೇಜರ್‌ಗೆ ಫೋನ್ ಮಾಡಿ, ಅವರೇನೂ ಕೇಳದಿದ್ದರೂ "ಸರ್, ನನ್ನ ಜಾಗ ತುಂಬಿದ್ರಾ?" ಅಂದೆ. ಅವರು ನಕ್ಕು, "ತುಂಬಿಲ್ಲ. ಆದ್ರೆ ನೀನು ಬಂದ್ರೆ ಅದೇ ಸಂಬಳ, ಅದೇ ಕುರ್ಚಿ, ಯೋಚ್ನೆ ಮಾಡು" ಅಂದರು. ಆ ಕುರ್ಚಿಯ ಒಂದು ಗಾಲಿ ಮುರಿದಿತ್ತು, ಎರಡು ವರ್ಷ ಕೇಳಿದರೂ ಬದಲಾಯಿಸಿರಲಿಲ್ಲ. ಮಾರನೇ ದಿನ ಹೊಸ ಆಫೀಸಿಗೇ ಹೋದೆ.